ಉಳಿದ ಏಳು ನಿಮಿಷ

"ನಿಲ್ಲಿಸಿ!"

ಊಟದ ಕೋಣೆಯ ಬಾಗಿಲನ್ನು ತಳ್ಳಿದ ಉಪನ್ಯಾಸಕಿಯ ಕೈ ಬಾಗಿಲ ಮೇಲೆಯೇ ಉಳಿಯಿತು.

ಉದ್ದನೆಯ ಮೇಜಿನ ಮುಂದೆ ಅವಳ ವಿದ್ಯಾರ್ಥಿಗಳು ಎಂಟು ಮಂದಿ ಸಾಲಾಗಿ ಕುಳಿತಿದ್ದರು. ಎಂಟು ಮಂದಿಯ ಕೈಗಳನ್ನೂ ಬ್ಯಾಂಡೇಜಿನ ಬಟ್ಟೆಯಿಂದ ಬೆನ್ನ ಹಿಂದೆ ಕಟ್ಟಲಾಗಿತ್ತು! ಬಿಳಿಯ ಸಮವಸ್ತ್ರದ ಒಬ್ಬ ಗಂಡಸು ಮತ್ತು ಮೂವರು ದಾದಿಯರು, ಕಿವುಚಿದ ತರಕಾರಿಯನ್ನು ಚಮಚದಲ್ಲಿ ತುಂಬಿ ತುಂಬಿ ಅವರ ಬಾಯಿಗೆ ತುರುಕುತ್ತಿದ್ದರು. ನುಂಗುವ ಮೊದಲೇ ಮತ್ತೊಂದು ಚಮಚ. ಆ ಗಂಡಸಂತೂ ತನ್ನ ಎದುರಿಗಿದ್ದ ಹುಡುಗಿಯ ಮುಖವನ್ನು ನೋಡುತ್ತಲೂ ಇರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ಪಕ್ಕದ ದಾದಿಯೊಡನೆ ಬಸ್ಸಿನ ಸಮಯದ ಬಗ್ಗೆ ಹರಟುತ್ತಿದ್ದ.

ಆ ಹುಡುಗಿಯ ಗಲ್ಲದ ಮೇಲೆ ತರಕಾರಿ ಮೆತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿ 'ಗಿಣಿ' ಎಂದು ಹೆಸರು ಪಡೆದ ಹುಡುಗಿ ಅವಳು. ಅವಳು ಅತ್ತದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ.

ಉಪನ್ಯಾಸಕಿ ತಡಮಾಡಲಿಲ್ಲ. ಪಕ್ಕದ ತಟ್ಟೆಯಲ್ಲಿದ್ದ ಕತ್ತರಿಯನ್ನು ಎತ್ತಿಕೊಂಡವಳೇ ಗಿಣಿಯ ಕೈಕಟ್ಟನ್ನು ಕತ್ತರಿಸಿದಳು. ಆಮೇಲೆ ಎರಡನೆಯದು... ಮೂರನೆಯದು...

ಆ ಗಂಡಸು ಚಮಚವನ್ನು ಕೆಳಗಿಟ್ಟು ಗೋಡೆಯ ಗಡಿಯಾರದತ್ತ ನೋಡಿದ.

"ಇನ್ನೂ ಏಳು ನಿಮಿಷ ಬಾಕಿ ಇದೆ, ಮೇಡಂ."

"ಏಳು ಸೆಕೆಂಡೂ ಬಿಡಲ್ಲ! ಸೇವೆ ಮಾಡ್ಲಿ ಅಂತ ಮಕ್ಕಳನ್ನ ಕಳಿಸಿದ್ರೆ ಕೈ ಕಟ್ಟಿ ಕೂರಿಸ್ತೀರಾ? ನಿಮಗೆ ಯಾರು ಕೊಟ್ರು ಈ ಅಧಿಕಾರ?"

"ಬೈಯಿರಿ, ಬೇಡ ಅನ್ನಲ್ಲ. ಆದ್ರೆ ಪೂರ್ತಿ ನೋಡ್ಕೊಂಡು ಬೈಯಿರಿ. ಅರ್ಧಕ್ಕೇ ಬೈದ್ರೆ ಆಮೇಲೆ ನಿಮಗೇ ಬೇಜಾರಾಗುತ್ತೆ."

ಎಂಥ ಸೊಕ್ಕು!

"ನನ್ನ ಬೇಜಾರಿನ ಚಿಂತೆ ನಿಮಗೆ ಬೇಡ. ನಿಮ್ಮ ಚಿಂತೆ ನೀವು ನೋಡ್ಕೊಳ್ಳಿ!"

ಎಂಟು ಕಟ್ಟುಗಳೂ ನೆಲಕ್ಕೆ ಬಿದ್ದವು. ಮಕ್ಕಳನ್ನು ಮುಂದಿಟ್ಟುಕೊಂಡು ಹೊರಟವಳು ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಅವನು ನೆಲದ ಮೇಲಿನ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಆರಿಸಿ ಸುತ್ತಿಡುತ್ತಿದ್ದ. ಮುಖದಲ್ಲಿ ಕೋಪವಿರಲಿಲ್ಲ.

ಕೋಪವಾದರೂ ಇದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ...

---

ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಪ್ರಯೋಗಾಲಯದ ತಕ್ಕಡಿಯಲ್ಲಿ ದಶಮಾಂಶದ ಮೂರನೆಯ ಸ್ಥಾನದವರೆಗೂ ತೂಗದೆ ಯಾವುದನ್ನೂ ಒಪ್ಪದವಳು. ಮಕ್ಕಳು ಬೆನ್ನ ಹಿಂದೆ ಅವಳನ್ನು 'ತಕ್ಕಡಿ ಮೇಡಂ' ಎನ್ನುತ್ತಿದ್ದರು. ಅದು ಅವಳಿಗೂ ತಿಳಿದಿತ್ತು; ಒಳಗೊಳಗೆ ಇಷ್ಟವೂ ಆಗಿತ್ತು.

ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಎಂಬತ್ತು ಗಂಟೆ ಸಮಾಜಸೇವೆ ಮಾಡಬೇಕೆಂದು ಕಾಲೇಜು ನಿಯಮ ತಂದಾಗ ಅದರ ಹೊಣೆಯನ್ನು ಅವಳು ತಾನಾಗಿಯೇ ಕೇಳಿ ಪಡೆದಳು. ಅನುಕಂಪದ ಮೇಲೆ ಹನ್ನೆರಡು ಪಾಠಗಳನ್ನು ಬರೆದಳು. ಅದಕ್ಕೆ ಇಪ್ಪತ್ತೈದು ಅಂಕಗಳನ್ನೂ ಇಟ್ಟಳು. ಪಾರ್ಶ್ವವಾಯುವಿನಿಂದಲೋ ಅಪಘಾತದಿಂದಲೋ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು ಮತ್ತೆ ಬದುಕನ್ನು ಕಲಿಯುವ ಆರೈಕೆ ಕೇಂದ್ರವೊಂದನ್ನು ಹುಡುಕಿ, ಹತ್ತು ಮಂದಿಯ ಮೊದಲ ತಂಡವನ್ನು ಅಲ್ಲಿಗೆ ಕಳಿಸಿದ್ದಳು. ಸಭೆಯೊಂದನ್ನು ಮುಗಿಸಿಕೊಂಡು ಒಂದು ಗಂಟೆ ತಡವಾಗಿ ಅವಳು ಹೋದಾಗ ಕಂಡದ್ದು... ಆ ದೃಶ್ಯ!

ಸಂಜೆ ಐದೂವರೆಗೆಲ್ಲ ದೂರಿನ ಪತ್ರ ಸಿದ್ಧವಾಗಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಪುಟವನ್ನೂ ಓದಿದರು.

"ಚೆನ್ನಾಗಿ ಬರ್ದಿದೀಯ ಪುಟ್ಟಿ. ಒಂದು ಒತ್ತಕ್ಷರ ತಪ್ಪಿಲ್ಲ. ಯಾಕೆ ಹಾಗೆ ಮಾಡ್ದೆ ಅಂತ ಆ ಮನುಷ್ಯನ್ನ ಕೇಳಿದ್ಯಾ?"

"ಕೇಳೋದೇನಮ್ಮ? ಕಣ್ಣಾರೆ ನೋಡಿದೀನಿ."

"ನಿಮ್ಮಪ್ಪನ ಥರಾನೇ ನೀನು. ತೀರ್ಪು ಮೊದಲು, ವಿಚಾರಣೆ ಆಮೇಲೆ."

"ಅಮ್ಮಾ!"

"ನಾನೇನಂದೆ? ಕಾಫಿ ಆರ್ತಿದೆ, ಕುಡಿ ಅಂದೆ."

---

ದೂರು ಸುಮ್ಮನೆ ಹೋಗಲಿಲ್ಲ. ಮೂರೇ ದಿನದಲ್ಲಿ ಆ ಗಂಡು ದಾದಿಯನ್ನು ವಾರ್ಡಿನಿಂದ ತೆಗೆದು ಹೊದಿಕೆಗಳ ಉಗ್ರಾಣಕ್ಕೆ ಹಾಕಿದರು. ವಿದ್ಯಾರ್ಥಿಗಳ ಪ್ರವೇಶವೂ ನಿಂತಿತು. ಬರುವ ಶುಕ್ರವಾರ ವಿಚಾರಣೆ ಎಂದಾಯಿತು. ದೂರು ಸಾಬೀತಾದರೆ ಅವನ ಕೆಲಸ ಹೋಗುತ್ತಿತ್ತು.

'ನ್ಯಾಯ ನನ್ನ ಕಡೆಗಿದೆ' ಎಂದು ಅವಳು ನಿಶ್ಚಿಂತಳಾಗಿದ್ದಳು.

ಮಂಗಳವಾರ ಮಧ್ಯಾಹ್ನ, ಪ್ರಯೋಗಾಲಯದಲ್ಲಿ ಎಲ್ಲರೂ ಹೋದ ಮೇಲೆ ಗಿಣಿ ಒಬ್ಬಳೇ ಉಳಿದಳು. ತೊಳೆದ ಗಾಜಿನ ನಳಿಗೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

"ಏನಮ್ಮ, ಆ ಗಾಜು ಸವೆಯೋ ತನಕ ತೊಳೀತೀಯಾ?"

"ಮೇಡಂ... ಅವತ್ತು ನಾನು ಅವಮಾನ ಆಯ್ತು ಅಂತ ಅಳ್ಲಿಲ್ಲ."

ಉಪನ್ಯಾಸಕಿಯ ಕೈಯಲ್ಲಿದ್ದ ಪೆನ್ನು ನಿಂತಿತು.

"ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಕೈ ಸ್ವಾಧೀನ ಇಲ್ಲ ಮೇಡಂ. ದಿನಾ ನಾನೇ ತಿನ್ನಿಸೋದು. ಒಂದು ಕೈಲಿ ಮೊಬೈಲು, ಒಂದು ಕೈಲಿ ಚಮಚ. ಅವನ ಮುಖ ನೋಡಿ ಎಷ್ಟು ವರ್ಷ ಆಯ್ತೋ... ಅವತ್ತು ಬ್ರದರ್ ಕಿಟಕಿ ನೋಡ್ಕೊಂಡು ನಂಗೆ ತಿನ್ನಿಸ್ತಿದ್ರಲ್ಲ, ಅವರಲ್ಲಿ ನಂಗೆ ನಾನೇ ಕಂಡೆ."

"ಅವರು... ಬೇಕಂತಲೇ ಹಾಗೆ..."

"ಹೂಂ ಮೇಡಂ. ಮೊದಲೇ ಹೇಳಿದ್ರು. ಏಳು ನಿಮಿಷ ಕೆಟ್ಟದಾಗಿ ತಿನ್ನಿಸ್ತೀವಿ, ಆಮೇಲೆ ಏಳು ನಿಮಿಷ ಹೇಗೆ ತಿನ್ನಿಸ್ಬೇಕೋ ಹಾಗೆ ತಿನ್ನಿಸ್ತೀವಿ. ಎರಡೂ ಗೊತ್ತಾದ ಮೇಲೇನೇ ಚಮಚ ಮುಟ್ಟಬೇಕು ಅಂತ. ಬೇಡ ಅಂದೋರನ್ನ ಕಟ್ಟಲೇ ಇಲ್ಲ. ಇಬ್ರು ಕಿಟಕಿ ಹತ್ರ ನೋಟ್ಸ್ ಬರೀತಾ ಕೂತಿದ್ರಲ್ಲ?"

ಕಿಟಕಿಯ ಹತ್ತಿರ ಇಬ್ಬರು ಕುಳಿತಿದ್ದರೇ? ಅವಳು ನೋಡಿರಲೇ ಇಲ್ಲ!

"ಅವತ್ತೇ ಯಾಕೆ ಹೇಳಲಿಲ್ಲ?"

ಗಿಣಿ ತಲೆ ತಗ್ಗಿಸಿದಳು.

"ವ್ಯಾನಲ್ಲಿ ದಾರಿಯುದ್ದಕ್ಕೂ ನೀವೇ ಮಾತಾಡಿದ್ರಿ ಮೇಡಂ... ನಂಗೇ ಚಾನ್ಸ್ ಸಿಗ್ಲಿಲ್ಲ ಅಂದ್ರೆ ನೋಡಿ!"

---

ಮರುದಿನವೇ ಉಪನ್ಯಾಸಕಿ ಒಬ್ಬಳೇ ಕೇಂದ್ರಕ್ಕೆ ಹೋದಳು.

ವಾರ್ಡಿನ ಮೂರನೆಯ ಹಾಸಿಗೆಯಲ್ಲಿ ಟೈಲರ್ ಅಜ್ಜ ಇದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಕೈಗಳು ಈಗ ಮಡಿಲಿನಲ್ಲಿ ಸುಮ್ಮನೆ ಬಿದ್ದಿದ್ದವು. ಹೊಸದಾಗಿ ಬಂದ ಸಹಾಯಕನೊಬ್ಬ ಅವರಿಗೆ ಊಟ ಮಾಡಿಸುತ್ತಿದ್ದ. "ಬಾಯಿ ಬಿಡಿ. ಹಾಂ. ಬೇಗ" ಎನ್ನುತ್ತಾ ಕಣ್ಣನ್ನು ಮಾತ್ರ ಮೊಬೈಲಿನಲ್ಲೇ ನೆಟ್ಟಿದ್ದ. ಅಜ್ಜನ ದೃಷ್ಟಿ ಎದುರಿಗೆ ಬರುವ ಚಮಚಕ್ಕೆ ಅಂಟಿಕೊಂಡಿತ್ತು, ನುಂಗುವ ಮೊದಲೇ ಅದು ಬಂದುಬಿಡುತ್ತದೆಂಬ ಭಯದಲ್ಲಿ.

ಹಿಂದೆ ಒಪ್ಪಂದ ಮಾಡಿಕೊಳ್ಳಲು ಬಂದಾಗಲೂ ಅವಳು ಇಂಥ ಊಟಗಳನ್ನು ನೋಡಿದ್ದಳು. 'ಎಷ್ಟು ಶಿಸ್ತು!' ಎಂದು ಮೆಚ್ಚಿಕೊಂಡೂ ಇದ್ದಳು...

ಅವಳನ್ನು ಕಂಡು ಅಜ್ಜ ಕಷ್ಟಪಟ್ಟು ಮಾತು ಕೂಡಿಸಿದರು.

"ಅವನು... ಎಲ್ಲಿ?"

ಅವಳು ಹಾಸಿಗೆಯ ಪಕ್ಕ ಬಾಗಿದಳು. "ಬರ್ತಾರೆ ಅಜ್ಜ. ಅವರನ್ನ ಹೋಗೋ ಹಾಗೆ ಮಾಡಿದ್ದು ನಾನೇ. ಕರ್ಕೊಂಡು ಬರೋದೂ ನಾನೇ."

"ಮೊದಲು... ಅವನೂ... ಹೀಗೇ." ಅಜ್ಜನ ಬಾಯಿಯ ಒಂದು ಕೊನೆ ಮೇಲಕ್ಕೆ ಏರಿತು. "ನಾನು... ಅವನ ಮುಖಕ್ಕೇ... ಉಗಿದೆ."

ಹಿಂದೆ ನಿಂತಿದ್ದ ಮುಖ್ಯ ದಾದಿ, ಎಲ್ಲರ 'ದೊಡ್ಡ ಸಿಸ್ಟರ್', ನಕ್ಕುಬಿಟ್ಟರು.

"ನಿಜ ಮೇಡಂ. ಅವನು ಕೆಲಸಕ್ಕೆ ಸೇರಿದ ಮೊದಲ ವಾರ. ಸಮವಸ್ತ್ರ ಪೂರ್ತಿ ತರಕಾರಿ! ಬೇರೆ ಯಾರಾದ್ರೂ ಆಗಿದ್ರೆ ಅಜ್ಜನಿಗೆ ಬೈಯೋರು. ಅವನು ಮಾರನೇ ದಿನ ಬಂದು, ಸಿಸ್ಟರ್, ನನ್ನ ಕೈ ಕಟ್ಟಿ, ನೀವು ತಿನ್ನಿಸಿ ಅಂದ. ಅಲ್ಲಿಂದ ಶುರುವಾಗಿದ್ದು ಇದೆಲ್ಲ."

---

ಉಗ್ರಾಣದಲ್ಲಿ ಅವನು ಹೊದಿಕೆಗಳ ನಡುವೆ ಕುಳಿತು ಹರಿದವನ್ನು ಬೇರೆ ಮಾಡುತ್ತಿದ್ದ. ದೊಡ್ಡ ಸಿಸ್ಟರ್ ಜೊತೆ ಬಂದ ಅವಳನ್ನು ನೋಡಿ ಎದ್ದು ನಿಂತ.

ಪೀಠಿಕೆ ಹಾಕುವ ಅಭ್ಯಾಸ ಅವಳಿಗಿರಲಿಲ್ಲ.

"ನಾನು ಅರ್ಧ ನೋಡಿ ಪೂರ್ತಿ ಬರೆದುಬಿಟ್ಟೆ. ತಪ್ಪು ನಂದು. ಉಳಿದ ಅರ್ಧ ನೋಡೋಕೆ ಬಂದಿದೀನಿ."

"ಅದು ನೋಡೋದಲ್ಲ ಮೇಡಂ. ಕೂತ್ಕೊಂಡು ಅನುಭವಿಸೋದು."

"ಕೂರ್ತೀನಿ. ಕಟ್ಟಿ."

"ನಾನು ವಾರ್ಡಿಗೂ ಊಟದ ಕೋಣೆಗೂ ಕಾಲಿಡಬಾರದು ಅಂತ ಆರ್ಡರ್ ಇದೆ." ಅವನ ತುಟಿಯಂಚಿನಲ್ಲಿ ನಗೆ ಇಣುಕಿತು. "ನಿಮ್ಮ ಕೃಪೆ."

"ಉಗ್ರಾಣದಲ್ಲಿ ಊಟ ಮಾಡಬಾರದು ಅಂತ ಆರ್ಡರ್ ಇದ್ಯಾ? ಇಲ್ಲ ತಾನೆ? ಸಿಸ್ಟರ್, ಒಂದು ತಟ್ಟೆ ಇಲ್ಲಿಗೇ ಹೇಳಿ."

ದೊಡ್ಡ ಸಿಸ್ಟರ್ ತಾವೇ ಅವಳ ಕೈಗಳನ್ನು ಹಿಂದಕ್ಕೆ ಕಟ್ಟಿದರು, ಸಡಿಲವಾಗಿ.

ಮೊದಲ ಏಳು ನಿಮಿಷಗಳು... ಓದುಗರು ನಂಬಬೇಕು, ಆ ಏಳು ನಿಮಿಷಗಳಲ್ಲಿ ಅವಳು ಮನಸ್ಸಿನಲ್ಲೇ ತನ್ನ ಹನ್ನೆರಡು ಪಾಠಗಳನ್ನೂ ಒಂದೊಂದಾಗಿ ಹರಿದೆಸೆದಳು!

ಅವನು ನಿಂತೇ ತಿನ್ನಿಸಿದ. ಅವಳ ತಲೆಯ ಮೇಲಿಂದ ಸಿಸ್ಟರ್ ಜೊತೆ ಮಾತನಾಡಿದ.

"ಇವರಿಗೆ ಉಪ್ಪು ಸಾಕಾ ಸಿಸ್ಟರ್?"

"ಹಾಕು ಹಾಕು. ಇವರಿಗೇನು ಗೊತ್ತಾಗುತ್ತೆ?"

ಗಲ್ಲಕ್ಕೆ ಹತ್ತಿದ್ದನ್ನು ಚಮಚದ ಅಂಚಿನಿಂದಲೇ ಕೆರೆದು ಮತ್ತೆ ಬಾಯಿಗಿಟ್ಟ. ಅವಳ ಮೂಗು ತುರಿಸಲಾರಂಭಿಸಿತು. ಕೇಳಲು ನಾಚಿಕೆ. ಕೇಳದಿರಲು ಆಗದ ಸಂಕಟ. 'ನಾನು ಇಲ್ಲೇ ಇದ್ದೇನೆ, ನನ್ನನ್ನು ಕೇಳಿ!' ಎಂದು ಒಳಗೊಳಗೇ ಕೂಗಿಕೊಂಡಳು. ಸಾವಿರ ಮಕ್ಕಳ ಮುಂದೆ ಅಳುಕದೆ ನಿಲ್ಲುವವಳು ಒಂದು ಚಮಚದ ಮುಂದೆ ಕುಗ್ಗಿಹೋಗಿದ್ದಳು.

ಗಡಿಯಾರ ನೋಡಿ ಅವನು ಚಮಚವನ್ನು ಬದಲಿಸಿದ. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ. ಅವನ ಕಣ್ಣುಗಳು ಅವಳ ಕಣ್ಣುಗಳಿಗಿಂತ ಒಂದಿಷ್ಟು ಕೆಳಗೇ ಇದ್ದವು.

"ಮೊದಲು ಯಾವುದು ಕೊಡ್ಲಿ? ಆಲೂಗಡ್ಡೆನಾ, ಕ್ಯಾರೆಟ್ಟಾ?"

ಅವಳು ಬಾಯಿ ತೆರೆದಳು. ತಟ್ಟೆಯನ್ನೊಮ್ಮೆ ನೋಡಿ ಮತ್ತೆ ಮುಚ್ಚಿದಳು.

ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲೆಡೆ ನಿರ್ಧರಿಸುವವಳು ಅವಳೇ. 'ನಿನಗೇನು ಬೇಕು?' ಎಂದು ಕೇಳಿ, ಉತ್ತರಕ್ಕಾಗಿ ಹೀಗೆ ಕಾದವರು ಯಾರಿದ್ದರು?

ಅವನು ಕಾದ. ಚಮಚ ಅಲುಗಲಿಲ್ಲ. ಅವನ ದೃಷ್ಟಿಯೂ ಅಲುಗಲಿಲ್ಲ.

"ಬೇರೆ ಏನಾದ್ರೂ ಬೇಕಾ?"

"ಮೂಗು..." ಅವಳ ಕಣ್ಣಿನಿಂದ ಹನಿ ಜಾರಿತು. "ಮೂಗು ತುರಿಸ್ತಿದೆ."

ಅವನು ನಗಲಿಲ್ಲ. ಒಗೆದ ಕರವಸ್ತ್ರದ ತುದಿಯಿಂದ ಮೃದುವಾಗಿ ಮೂಗನ್ನು ಒರೆಸಿದ. "ಇಲ್ಲೇನಾ? ಇನ್ನೂ ಸ್ವಲ್ಪ ಮೇಲಾ?"

"ಮೇಲೆ."

'ಅಯ್ಯೋ... ಈ ಮನುಷ್ಯನ ಕೆಲಸವನ್ನು ನಾನು ಕಿತ್ತುಕೊಳ್ಳಲು ಹೊರಟಿದ್ದೆನೇ?' ಎಂದು ಅವಳ ಮನಸ್ಸು ಒದ್ದಾಡಿತು. ಅದರ ಬೆನ್ನಿಗೇ ಬಂದ 'ಈ ಏಳು ನಿಮಿಷ ಮುಗಿಯದಿರಲಿ' ಎಂಬ ಯೋಚನೆಯನ್ನು, ಕೈ ಕಟ್ಟಿದ್ದರಿಂದ, ಅವಳಿಗೆ ತಳ್ಳಿಹಾಕಲೂ ಆಗಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಅವನು ತಟ್ಟೆ ಎತ್ತುತ್ತಾ ಹೇಳಿದ.

"ಶುಕ್ರವಾರ ನನಗೋಸ್ಕರ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಮೇಡಂ. ಬೇರೆ ಊರಿನ ದೊಡ್ಡ ಆಸ್ಪತ್ರೆಯವರು ಕರೆದಿದಾರೆ. ಹೊಸ ದಾದಿಯರಿಗೆಲ್ಲ ಇದನ್ನ ಕಲಿಸೋ ಕೆಲಸ. ವಿಚಾರಣೆ ಏನಾದ್ರೂ ಆಗ್ಲಿ, ಬಹುಶಃ ಹೋಗ್ತೀನಿ."

ಅವಳು ಎದ್ದು ನಿಂತಳು.

"ತಲೆ ತಗ್ಗಿಸೋಕೆ ಹೋಗ್ತಿಲ್ಲ ನಾನು," ಎಂದಳು. "ತಲೆ ಎತ್ತಿಕೊಂಡೇ ತಪ್ಪು ಒಪ್ಕೋತೀನಿ."

---

ಶುಕ್ರವಾರ ಹಾಗೆಯೇ ಮಾಡಿದಳು. ಕೇಂದ್ರದ ಮುಖ್ಯಸ್ಥರು, ಕಾಲೇಜಿನ ಪ್ರಾಂಶುಪಾಲರು, ಆಡಳಿತ ಮಂಡಳಿಯ ಹಿರಿಯರೊಬ್ಬರು ಕುಳಿತಿದ್ದರು. ಅವನು ಬಾಗಿಲ ಬಳಿ ನಿಂತಿದ್ದ.

"ಅಂದ್ರೆ ದೂರನ್ನ ಹಿಂದಕ್ಕೆ ತಗೋತಿದೀರಿ?" ಎಂದರು ಹಿರಿಯರು.

"ಇಲ್ಲ ಸರ್, ತಿದ್ತಾ ಇದೀನಿ. ನಾನು ಅರ್ಧ ನೋಡಿದೆ, ಯಾರನ್ನೂ ಕೇಳಲಿಲ್ಲ ಅಂತ ಕಡತದಲ್ಲಿ ಹಾಗೇ ಬರ್ಕೊಳ್ಳಿ. ನನ್ನ ವಿದ್ಯಾರ್ಥಿಗಳೂ ಓದಲಿ."

"ಮರ್ಯಾದೆ ಪ್ರಶ್ನೆ ಅಲ್ವೇನಮ್ಮ?" ಪ್ರಾಂಶುಪಾಲರು ಮೆಲ್ಲನೆ ಕೇಳಿದರು.

"ಹೌದು ಸರ್. ಅವರ ಮರ್ಯಾದೆ. ನಾನು ಕಳೆದಿದ್ದು, ನಾನೇ ವಾಪಸ್ ಕೊಡಬೇಕು."

ಹಿರಿಯರು ಕಡತವನ್ನು ತಮ್ಮತ್ತ ಎಳೆದುಕೊಂಡರು. ಕೊನೆಗೆ ತೀರ್ಮಾನವಾಯಿತು. ಅವನು ವಾರ್ಡಿಗೆ ಮರಳುವುದು, ಅವನ ಪಾಠ ಮುಂದುವರಿಯುವುದು, ವಿದ್ಯಾರ್ಥಿಗಳಿಂದ ಮೊದಲೇ ಒಪ್ಪಿಗೆ ಬರೆಸಿಕೊಳ್ಳುವುದು, ಪ್ರತಿ ತಂಡದಲ್ಲೂ ಮೊದಲು ಕೂರುವವರು ಅವರ ಅಧ್ಯಾಪಕರೇ ಆಗಿರುವುದು. ಕೊನೆಯ ನಿಯಮವನ್ನು ಸೇರಿಸಿದವಳು ಅವಳೇ. ಅಂದೇ ಇಪ್ಪತ್ತೈದು ಅಂಕಗಳನ್ನೂ ರದ್ದುಮಾಡಿದಳು.

ಹೊರಗೆ ಬಂದಾಗ ಅವನು ಕೈಮುಗಿಯಲು ಹೊರಟ.

"ಬೇಡ," ಎಂದಳು ಅವಳು. "ಅಜ್ಜನ ಊಟದ ಹೊತ್ತಾಯ್ತು. ಓಡಿ."

ಅವನು ನಿಜವಾಗಿಯೂ ಓಡಿದ!

---

ಆಮೇಲೆ ಕೇಂದ್ರಕ್ಕೆ ಹೋಗುವ ಗುರುವಾರಗಳು ಬೇರೆಯೇ ಆಗಿದ್ದವು. ಮಕ್ಕಳು ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕುಳಿತು, ಮುಖ ನೋಡಿ, ಕೇಳಿ, ಕಾಯುವುದನ್ನು ಕಲಿತರು. ಮೊಬೈಲುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ ಮಲಗಿರುತ್ತಿದ್ದವು. ಟೈಲರ್ ಅಜ್ಜ ಒಬ್ಬ ಹುಡುಗನ ಅಂಗಿಯ ಕಾಲರನ್ನು ದಿಟ್ಟಿಸಿ ನೋಡಿ, "ಯಾರು... ಹೊಲಿದಿದ್ದು? ಕತ್ತೆನಾ?" ಎಂದು ಕೇಳಿದ ದಿನ ಇಡೀ ವಾರ್ಡು ನಕ್ಕಿತು. ಗಿಣಿ ಒಂದು ದಿನ ತನ್ನ ತಮ್ಮನನ್ನೇ ಕರೆತಂದಳು. "ಅಕ್ಕ ಈಗ ತಿನ್ನಿಸೋವಾಗ ತುಂಬಾ ಪ್ರಶ್ನೆ ಕೇಳ್ತಾಳೆ, ಸಾಕಾಗ್ಹೋಗಿದೆ" ಎಂದು ಅವನು ಎಲ್ಲರೆದುರು ದೂರು ಹೇಳಿದ.

ಕೇಂದ್ರದಲ್ಲಿ ಎಲ್ಲರೂ ಆ ಗಂಡು ದಾದಿಯನ್ನು ಕರೆಯುವುದು 'ಬ್ರದರ್' ಎಂದೇ. ಉಪನ್ಯಾಸಕಿ ಮಾತ್ರ...

"ಮೇಡಂ, ನೀವು ಅವರನ್ನ ಏನಂತ ಕರೀತೀರಾ?" ಗಿಣಿ ಕಣ್ಣು ಮಿಟುಕಿಸಿದಳು.

"ಕರೆಯಲ್ಲ. ಹತ್ತಿರ ಹೋಗಿ ನಿಂತ್ಕೋತೀನಿ."

"ಅಯ್ಯಪ್ಪಾ!"

"ಹೋಗು, ಅಜ್ಜನಿಗೆ ನೀರು ಬೇಕಾ ಕೇಳು!" ಗದರಿದಳು. ಆದರೆ ಕಿವಿ ಕೆಂಪಾಗಿತ್ತು.

ನಾಲ್ಕನೆಯ ಗುರುವಾರ ದೊಡ್ಡ ಸಿಸ್ಟರ್ ಅವಳ ಬಳಿ ಬಂದು ದನಿ ತಗ್ಗಿಸಿದರು. "ಆ ಆಸ್ಪತ್ರೆಯಿಂದ ನೇಮಕದ ಪತ್ರ ಬಂತಂತೆ. ಸೋಮವಾರದೊಳಗೆ ಉತ್ತರ ಹೇಳಬೇಕಂತೆ. ಅವನು ಮೇಲೆ ತಾರಸಿಲಿದಾನೆ. ನಾನು ಏನೂ ಹೇಳಿಲ್ಲ ಕಣಮ್ಮ."

---

ತಾರಸಿಯ ತುಂಬ ಬಿಸಿಲು. ಹಗ್ಗಗಳ ಮೇಲೆ ಒಣಗಿದ ಬಿಳಿಯ ಹೊದಿಕೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಅವನು ಒಂದನ್ನು ಒಬ್ಬನೇ ಮಡಿಸಲು ಹೆಣಗುತ್ತಿದ್ದ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು.

ಅವಳು ಮಾತಿಲ್ಲದೆ ಹೋಗಿ ಎದುರಿನ ಎರಡು ತುದಿಗಳನ್ನು ಹಿಡಿದಳು.

"ಬಿಡಿ ಮೇಡಂ, ನಾನೇ ಮಾಡ್ಕೋತೀನಿ."

"ನೀವು ಎಲ್ಲರಿಗೂ ತಿನ್ನಿಸ್ತೀರಿ. ನಿಮಗೆ ಯಾರಾದ್ರೂ ಕೈ ಜೋಡಿಸಿದ್ರೆ ಮಾತ್ರ ಆಗಲ್ಲ. ಎಳೀರಿ."

ಅವನು ಎಳೆದ. ಹೊದಿಕೆ ಇಬ್ಬರ ನಡುವೆ ಬಿಗಿಯಾಯಿತು. ಮೊದಲ ಮಡಿಕೆ.

"ಪತ್ರ ಬಂತಂತೆ."

"ಬಂತು."

"ಒಳ್ಳೆ ಕೆಲಸ. ನೀವು ಕಲಿಸಿದ್ದು ನೂರಾರು ದಾದಿಯರ ಕೈಗೆ ಹೋಗುತ್ತೆ. ಹೋಗಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ." ಅವಳ ದನಿ ನಡುಗಲಿಲ್ಲ. "ಹೋಗೋದು ಬಿಡೋದು ನಿಮ್ಮಿಷ್ಟ. ಆದ್ರೆ ಗೊತ್ತಿಲ್ದೆ ಹೋಗಬಾರದು. ನಿಮ್ಮನ್ನ ನಾನು ಪ್ರೀತಿಸ್ತೀನಿ."

ಗಾಳಿ ನಿಂತಂತಾಯಿತು.

ಅವನು ಹೊದಿಕೆಯ ತುದಿಯನ್ನೇ ನೋಡುತ್ತಿದ್ದ. ಅವಳು ಕಾದಳು. ಅವಸರವಿಲ್ಲದೆ, ಕಣ್ಣು ತೆಗೆಯದೆ ಕಾದಳು.

"ಗುರುವಾರ ಎರಡು ಗಂಟೆಗೆ ನಿಮ್ಮ ವ್ಯಾನ್ ಬರುತ್ತೆ," ಎಂದ ಅವನು ಕೊನೆಗೆ. "ನಾನು ಒಂದೂವರೆಗೇ ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ರೆಡಿಯಾಗಿರ್ತೀನಿ. ಟೈಲರ್ ಅಜ್ಜ ಪ್ರತಿ ಸಲ ಆಡ್ಕೊಂಡು ನಗ್ತಾರೆ. ಆದ್ರೆ ನೀವು... ನಾನು ಒಬ್ಬ ದಾದಿ. ನೀವು ಹೇಳ್ದೆ ಇದ್ದಿದ್ರೆ ನಾನು ಈ ಜನ್ಮದಲ್ಲಿ ಬಾಯಿ ಬಿಡ್ತಿರ್ಲಿಲ್ಲ."

"ಅದಕ್ಕೇ ನಾನು ಹೇಳಿದ್ದು! ಎರಡನೇ ಮಡಿಕೆ. ಹತ್ತಿರ ಬನ್ನಿ."

ಅವನು ಹತ್ತಿರ ಬಂದ. ತುದಿಗಳು ಸೇರಿದವು.

"ಆ ಕೆಲಸ ನಂಗೆ ಬೇಕು," ಎಂದ. "ಸುಳ್ಳು ಹೇಳಲ್ಲ. ತಿಂಗಳಿಗೆ ಒಂದು ವಾರ ಬಂದು ಕಲಿಸಿಕೊಡ್ತೀನಿ, ಮಿಕ್ಕ ದಿನ ನನ್ನ ವಾರ್ಡು ನಂಗೆ ಬೇಕು ಅಂತ ಬರೀತೀನಿ. ಒಪ್ಪಿದ್ರೆ ಒಪ್ಪಲಿ."

"ಒಪ್ತಾರೆ. ಪತ್ರ ನಾನು ಬರೆದುಕೊಡ್ತೀನಿ."

"ಬೇಡ! ನಿಮ್ಮ ಪತ್ರದ ರುಚಿ ಒಂದ್ಸಲ ನೋಡಿದೀನಿ!"

ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವನೂ ನಕ್ಕ. ನಗುವಾಗ ಅವನ ಮುಖ ಎಷ್ಟು ಹಗುರವಾಗುತ್ತದೆಂದು ಅವಳು ಮೊದಲ ಸಲ ಕಂಡಳು.

ಮೂರನೆಯ ಮಡಿಕೆಗೆ ಇಬ್ಬರ ನಡುವೆ ಒಂದು ಗೇಣೂ ಉಳಿಯಲಿಲ್ಲ. ಹೊದಿಕೆಯ ಕೆಳಗೆ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಹಿಂದೆ ಸರಿಯಲಿಲ್ಲ.

"ನಮ್ಮಮ್ಮನ್ನ ಯಾವಾಗ ನೋಡ್ತೀರಾ?"

"ಅವರು ಹೇಗೆ? ನಿಮ್ಮ ಥರಾನೇ ಕತ್ತರಿ ಎತ್ತಿಕೊಳ್ತಾರಾ?"

"ಇಲ್ಲ. ಮೊದಲು ಕಾಫಿ ಕೊಡ್ತಾರೆ, ಆಮೇಲೆ ವಿಚಾರಣೆ."

"ಹಾಗಾದ್ರೆ ಭಾನುವಾರ ಬರ್ತೀನಿ." ಅವನು ಹಗ್ಗದ ಮೇಲಿನ ಸಾಲನ್ನು ನೋಡಿದ. "ಇನ್ನೂ ಮೂವತ್ತು ಹೊದಿಕೆ ಇವೆ."

"ಇರಲಿ," ಎಂದಳು ಅವಳು, ಅವನ ಕೈಯನ್ನು ಬಿಡದೆ. "ಮೊದಲು ಇದು ಮುಗೀಲಿ."